ಹದಿನೇಳನೇ ಬಾಟಲಿ

ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳನ್ನು ಒಬ್ಬ ಗಂಡಸು ನೆಲಕ್ಕೆ ಕೆಡವಿದ!

ಮಹಾಯುದ್ಧ ಮುಗಿದ ಮರುವರ್ಷ. ಅದೊಂದು ಬಣ್ಣದ ಕಾರ್ಖಾನೆಯ ಪ್ರಯೋಗಾಲಯ. ರಸಾಯನಶಾಸ್ತ್ರ ಓದಿದ ಹುಡುಗಿ ಬಿಳಿ ಕೋಟು ತೊಟ್ಟು ಬಂದಿದ್ದಾಳೆ ಎಂದು ಬಾಯ್ಲರ್ ಮನೆಯವರೂ ಕೆಲಸ ಬಿಟ್ಟು ಕಿಟಕಿಯಲ್ಲಿ ಇಣುಕುತ್ತಿದ್ದರು. ಅವಳು ಈಥರ್ ಎಂಬ ದ್ರಾವಕ ಕಾಯುತ್ತಿದ್ದ ಗಾಜಿನ ಫ್ಲಾಸ್ಕಿನ ಮೇಲೆ ಬಗ್ಗಿದ್ದಳು. ಹಿಂದಿನಿಂದ ಯಾರೋ ಓಡಿ ಬಂದು ಕೋಟಿನ ಕೊರಳಪಟ್ಟಿ ಹಿಡಿದು ಎಳೆದರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವಳು ಮೇಜಿನ ಕೆಳಗೆ, ಅವಳ ಮೇಲೆ ಒಂದು ಭಾರವಾದ ಮೈ.

ಅವಳು ಹಿಂದೆ ಮುಂದೆ ನೋಡಲಿಲ್ಲ. ಛಟೀರ್! ಕೆನ್ನೆಗೆ ಬಿಗಿದಳು.

ಧಡಾರ್!

ಅದು ಕೆನ್ನೆಯ ಸದ್ದಲ್ಲ. ಫ್ಲಾಸ್ಕ್ ಸಿಡಿದಿತ್ತು. ಅವಳ ಮುಖವಿದ್ದ ಜಾಗದ ಹಿಂದಿನ ಬಾಗಿಲಿಗೆ ಗಾಜಿನ ಚೂರುಗಳು ಮೊಳೆ ಹೊಡೆದಂತೆ ನಾಟಿದ್ದವು. ಅವನ ಕಿವಿಯ ಹಿಂದೆ ರಕ್ತ ಇಳಿಯುತ್ತಿತ್ತು.

"ಈಥರನ್ನ ಪೂರ್ತಿ ಬತ್ತೋವರೆಗೂ ಕಾಯಿಸ್ತಾರೇನ್ರೀ?" ಅವನು ಅಬ್ಬರಿಸಿದ. "ಗಾಳಿ ಸೋಕಿದ ದಿನದಿಂದ ಅದು ಒಳಗೊಳಗೇ ಸಿಡಿಯೋಕೆ ಸಿದ್ಧ ಆಗ್ತಿರುತ್ತೆ. ಅದಕ್ಕೇ ಇಲ್ಲೊಂದು ಕಾನೂನಿದೆ. ಬಾಟಲಿ ತೆರೆದವರು ಚೀಟಿ ಮೇಲೆ ತಾರೀಖು ಬರೆದು ರುಜು ಹಾಕ್ಬೇಕು. ಮೂರು ತಿಂಗಳಾದ್ರೆ ಪರೀಕ್ಷೆ ಮಾಡ್ಬೇಕು, ಇಲ್ಲಾ ಚೆಲ್ಬೇಕು. ತಲೆಗೆ ಹೋಯ್ತಾ?"

"ಹೋಯ್ತು... ನಿಮ್ಮ ಕೆನ್ನೆ..."

"ಪರವಾಗಿಲ್ಲ ಬಿಡಿ. ಒಂದು ಕಿಡಿ ತಾಗ್ತು ಅಂದ್ಕೊಳ್ತೀನಿ."

ಅಂದಿನಿಂದ ಅವಳು ಎಲ್ಲರಿಗೂ ಕಿಡಿ. ಅವನನ್ನಂತೂ ಇಡೀ ಕಾರ್ಖಾನೆ ಮೊದಲಿನಿಂದಲೂ ಗುಡುಗು ಎಂದೇ ಕರೆಯುತ್ತಿತ್ತು. ಪ್ರಯೋಗಾಲಯದ ಸ್ಟೋರು ನೋಡಿಕೊಳ್ಳುತ್ತಿದ್ದವನು ಅವಳ ಸ್ವಂತ ಅಣ್ಣ. ಗುಡುಗು, ಕಿಡಿ ಇಬ್ಬರೂ ಜಗಳವಾಡುವುದನ್ನು ನೋಡಿ ಅವನು ಮೀಸೆಯಲ್ಲೇ ನಗುತ್ತಿದ್ದ.

"ಗುಡುಗಿಗೂ ಕಿಡಿಗೂ ಗಂಟು ಹಾಕಿದ್ರೆ ಮನೆ ಉಳಿಯುತ್ತೇನಮ್ಮಾ?"

"ಅಣ್ಣಾ, ಸುಮ್ನಿರ್ತೀಯಾ!" ಎನ್ನುವಾಗ ಅವಳ ಕಿವಿ ಕೆಂಪಾಗುತ್ತಿತ್ತು.

ಒಂದು ಸಂಜೆ ಗುಡುಗು ಬಾಗಿಲಲ್ಲಿ ಬಂದು ನಿಂತ. ಯಾವತ್ತೂ ಇಲ್ಲದ ಮೆಲುದನಿ.

"ಕಿಡಿ, ಗೇಟಿನ ಹತ್ರ ಬರ್ತೀಯಾ? ಒಂದು ಮಾತು ಕೇಳ್ಬೇಕು."

ಏನು ಕೇಳುತ್ತಾನೆಂದು ಅವಳ ಎದೆಗೆ ಮೊದಲೇ ಗೊತ್ತಿತ್ತು. ಕೈಯಲ್ಲಿದ್ದ ಬಾಟಲಿಗೆ ಹೇಗೋ ಮುಚ್ಚಳ ತಿರುಗಿಸಿಟ್ಟು, ಕೋಟನ್ನು ಮೊಳೆಯತ್ತ ಎಸೆದು ಓಡಿದಳು. ಅವನು ಕೇಳಿದ. ಅವಳು ಪ್ರಶ್ನೆ ಮುಗಿಯುವ ಮುಂಚೆಯೇ ಹೂಂ ಅಂದಳು!

ಆರೇಳು ತಿಂಗಳಾಯಿತು. ಮದುವೆಗೆ ಇನ್ನು ಹದಿನೈದೇ ದಿನ. ಅಣ್ಣ ಕಪಾಟು ಗುಡಿಸುತ್ತಾ ಹಿಂದಿನ ಸಾಲಿನಿಂದ ಹದಿನೇಳನೇ ನಂಬರಿನ ಈಥರ್ ಬಾಟಲಿ ಈಚೆ ತೆಗೆದ. ಚೀಟಿಯಲ್ಲಿ ತಾರೀಖಿರಲಿಲ್ಲ. ಹಾಗಾದರೆ ಯಾರೂ ತೆರೆದಿಲ್ಲ ಎಂದುಕೊಂಡು, ಬೇರೆ ಬಾಟಲಿಗೆ ಸುರಿಯಲು ಮುಚ್ಚಳ ತಿರುಗಿಸತೊಡಗಿದ. ಮುಚ್ಚಳದ ಸುತ್ತ ಕೆಟ್ಟ ಈಥರಿನ ಬಿಳಿ ಹರಳು ಕಟ್ಟಿದ್ದನ್ನು ಗುಡುಗು ದೂರದಿಂದ ಕಂಡ.

"ಅಣ್ಣಾ, ಬೇಡ!"

ಹಾರಿ ಕೈ ಹಾಕಿದ. ಬಾಟಲಿ ಸಿಡಿಯಿತು.

ಹೊಗೆ ಇಳಿದಾಗ ಅಣ್ಣ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ನೆಲದ ಮೇಲೆ ಹೊರಳುತ್ತಿದ್ದ. ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. ಗುಡುಗಿನ ಎಡಗೈಯಲ್ಲಿ ಎರಡು ಬೆರಳೇ ಇರಲಿಲ್ಲ. ಅಣ್ಣನನ್ನು ಎತ್ತಿಕೊಂಡು ಹೋದ ಮೇಲೆ ಮ್ಯಾನೇಜರು ಕೂಗಿದರು.

"ಆ ಬಾಟಲಿ ತೆರೆದಿಟ್ಟವರು ಯಾರು?"

ಗುಡುಗು ಒಮ್ಮೆ ಮೇಜಿನ ಬಳಿ ನಿಂತಿದ್ದ ಕಿಡಿಯ ಮುಖ ನೋಡಿದ.

"ನಾನೇ."

ಅವಳ ಕಣ್ಣು ಕತ್ತಲಿಟ್ಟಿತು. ಮೇಜಿನ ಸ್ಟ್ಯಾಂಡಿನಿಂದ ಕಬ್ಬಿಣದ ಸರಳು ಕಿತ್ತು ಬೀಸಿದಳು. ಮೊದಲ ಏಟಿಗೆ ಅವನ ಹೆಗಲ ಮೂಳೆ ಲಟಕ್ಕೆಂದಿತು. ಎರಡನೆಯದಕ್ಕೆ ಹುಬ್ಬು ಸೀಳಿತು. ಅವನು ಕೈ ಅಡ್ಡ ತರಲಿಲ್ಲ. ಮೂರು ಜನ ಸೇರಿ ಅವಳನ್ನು ಹಿಡಿಯಬೇಕಾಯಿತು.

"ನನ್ನಣ್ಣನ ಕಣ್ಣು ಕಿತ್ಕೊಂಡೆಯಲ್ಲೋ! ಸಾಯೋವರೆಗೂ ನಿನ್ನ ಮುಖ ತೋರಿಸ್ಬೇಡ!"

ಅವನು ತೋರಿಸಲಿಲ್ಲ.

ನಾಲ್ಕು ವರ್ಷ ಕಳೆಯಿತು. ಕಿಡಿ ಹಟ ಹಿಡಿದವಳಂತೆ ದುಡಿದು ಅದೇ ಪ್ರಯೋಗಾಲಯದ ಮುಖ್ಯಸ್ಥೆಯಾದಳು. ಸಂಜೆ ಮನೆಗೆ ಹೋಗಿ ಅಣ್ಣನ ಕೈ ಹಿಡಿದು ತಟ್ಟೆಯ ಅಂಚು ತೋರಿಸುವಾಗಲೆಲ್ಲ ಗುಡುಗನ್ನು ಶಪಿಸುತ್ತಿದ್ದಳು. ಅಷ್ಟು ಶಪಿಸಿಯೂ ಒಂದು ದಿನವೂ ಮರೆಯಲಾಗಲಿಲ್ಲ... ಯಾಕೆ ಅಂತ ಅವಳನ್ನು ಕೇಳಬೇಡಿ, ಪಾಪ, ಅವಳಿಗೇ ಗೊತ್ತಿರಲಿಲ್ಲ.

ಹೊಸಬರಿಗಾಗಿ ಎಚ್ಚರಿಕೆಯ ಕೈಪಿಡಿಯೊಂದನ್ನು ಬರೆಯಬೇಕಾಗಿ ಬಂತು. ಹಳೆಯ ಪ್ರಯೋಗದ ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡು ಕುಳಿತಳು. ತನ್ನದೇ ಪುಸ್ತಕದ ಒಂದು ಪುಟದಲ್ಲಿ ತನ್ನದೇ ದುಂಡನೆಯ ಅಕ್ಷರ:

'ಈಥರ್. ಬಾಟಲಿ ನಂಬರು ೧೭. ಹೊಸದಾಗಿ ತೆರೆದೆ.'

ಪಕ್ಕದಲ್ಲಿ ತಾರೀಖು. ಆ ತಾರೀಖನ್ನು ಅವಳು ಹೇಗೆ ಮರೆಯಲು ಸಾಧ್ಯ? ಗೇಟಿಗೆ ಓಡಿದ ದಿನ...!

'ನಾನು! ಮುಚ್ಚಳ ತಿರುಗಿಸಿ ಓಡಿದೆ. ಪುಸ್ತಕದಲ್ಲಿ ಬರೆದೆ, ಚೀಟಿಯಲ್ಲಿ ಬರೆಯಲಿಲ್ಲ. ನಾನೇ ಅಣ್ಣನ ಕಣ್ಣು ತೆಗೆದೆ... ಸರಳು ಹಿಡಿದು ಅವನನ್ನು ಹೊಡೆದೆ!'

ಚರ್ಮ ಕಿತ್ತು ರಕ್ತ ಬರುವವರೆಗೂ ಮೇಜಿಗೆ ಮುಷ್ಟಿ ಗುದ್ದಿದಳು.

ಮನೆಗೆ ಹೋಗಿ ಅಣ್ಣನ ಕಾಲ ಬಳಿ ಕುಳಿತು ಎಲ್ಲವನ್ನೂ ಹೇಳಿದಳು. ಅಣ್ಣ ಕೈಯಲ್ಲಿದ್ದ ನೀರಿನ ಲೋಟವನ್ನು ದನಿ ಬಂದತ್ತ ಬೀಸಿ ಎಸೆದ. ಅದು ಅವಳ ಹಣೆ ಒಡೆಯಿತು. ಅವಳು ಒರೆಸಿಕೊಳ್ಳಲಿಲ್ಲ. ನಾಲ್ಕು ದಿನ ಅಣ್ಣ ಅವಳ ಕೈಯಿಂದ ತುತ್ತು ಮುಟ್ಟಲಿಲ್ಲ. ಐದನೇ ದಿನ ಕತ್ತು ತಿರುಗಿಸಿ ಕೇಳಿದ.

"ಅವನೆಲ್ಲಿದ್ದಾನೆ?"

"ನದಿಯಾಚೆ ಗಾಜಿನ ಕಾರ್ಖಾನೆಯಲ್ಲಂತೆ."

"ಕರ್ಕೊಂಡು ಬಾ. ನಾಲ್ಕು ವರ್ಷ ನನಗೆ ಸುಳ್ಳು ಹೇಳಿದ್ದಾನೆ. ಅವನಿಗೂ ಒಂದು ಲೋಟ ಎಸೀಬೇಕು." ಕೈ ಚಾಚಿ ಅವಳ ತಲೆ ತಡವಿದ. "ನಿನ್ನ ಹಣೆಗೆ ಔಷಧಿ ಹಚ್ಕೊಂಡ್ಯೇನೇ?"

ಅವಳು ಅವನ ಮಂಡಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು.

ಗಾಜಿನ ಕಾರ್ಖಾನೆಯ ಕುಲುಮೆಯ ಮುಂದೆ ಗುಡುಗು ಬೆನ್ನು ಹಾಕಿ ನಿಂತಿದ್ದ. ಒಂದು ಹೆಗಲು ಇಳಿಬಿದ್ದಿತ್ತು. ತಿರುಗಿದ. ಹುಬ್ಬಿನ ನಡುವೆ ಹಳೆಯ ಗಾಯದ ಗೆರೆ. ಅವಳು ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಕಲಿತು ಬಂದಿದ್ದಳು. ಕೈ ಮಾತ್ರ ಮೊದಲು ಎದ್ದಿತು.

ಛಟೀರ್!

"ನನ್ನ ತಪ್ಪನ್ನ ಕದಿಯೋಕೆ ನೀನ್ಯಾರೋ? ಅದು ನಂದು! ಅಳೋದಿದ್ರೆ ನಾನು ಅಳ್ತಿದ್ದೆ, ಸಾಯೋದಿದ್ರೆ ನಾನು ಸಾಯ್ತಿದ್ದೆ!"

"ಅದಕ್ಕೇ ಹೇಳ್ಲಿಲ್ಲ," ಅವನು ಮೆಲ್ಲಗೆ ಅಂದ. "ಅವತ್ತು ನಿನ್ನ ಮುಖ ನೋಡಿದೆ ಕಿಡಿ. ಆ ಸಿಟ್ಟು ನಿನ್ನ ಮೇಲೇ ತಿರುಗಿದ್ರೆ ನೀನು ಉಳೀತಿರಲಿಲ್ಲ. ನನ್ನ ಮೇಲೆ ತಿರುಗಿದ್ರೆ ಒಂದು ಹೆಗಲು ಹೋಗುತ್ತೆ, ಅಷ್ಟೇ ತಾನೆ?"

"ಮಹಾ ತ್ಯಾಗಿ ನೀನು..."

"ತ್ಯಾಗ ಅಲ್ಲ ಕಣೇ, ಮಣ್ಣಂಗಟ್ಟಿ!" ಅವನ ದನಿ ಒಡೆಯಿತು. "ಆ ಸಂಜೆ ನಾನು ಬಾಗಿಲಲ್ಲೇ ಇದ್ದೆ. ನೀನು ತಾರೀಖು ಬರೀದೇ ಮುಚ್ಚಳ ತಿರುಗಿಸಿದ್ದು ಕಣ್ಣಾರೆ ನೋಡ್ದೆ. ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ. ನೀನು ಹೂಂ ಅಂದುಬಿಟ್ಟೆ... ಆ ಖುಷೀಲಿ ಮರ್ತೇಹೋಯ್ತು. 'ನಾನೇ' ಅಂದದ್ದು ಸುಳ್ಳಲ್ಲ."

ಅವಳು ಚೀಲದಿಂದ ಕೈಪಿಡಿಯ ಮೊದಲ ಪುಟ ತೆಗೆದು ಕೊಟ್ಟಳು. ಹದಿನೇಳನೇ ಬಾಟಲಿಯ ಕಥೆ ಅಲ್ಲಿ ಪೂರ್ತಿ ಇತ್ತು. ಕೆಳಗೆ, ತಪ್ಪು ಮಾಡಿದವರು ಎಂಬಲ್ಲಿ ಅವಳ ಹೆಸರು.

"ಕೆಲಸ ಹೋಗುತ್ತೆ ಕಿಡಿ."

"ಹೋಗ್ಲಿ. ಇನ್ನೊಬ್ಬರ ಅಣ್ಣನ ಕಣ್ಣು ಉಳೀಲಿ."

ಅವನು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅವಳ ಹೆಸರಿನ ಪಕ್ಕದಲ್ಲೇ ತನ್ನದನ್ನೂ ಬರೆದ: 'ನೋಡಿಯೂ ಹೇಳದವನು.' ಅವಳ ಕಣ್ಣು ತುಂಬಿ ಬಂತು. ಪೆನ್ಸಿಲ್ ಕಿತ್ತುಕೊಂಡಳು. ಅವನ ಮೂರು ಬೆರಳಿನ ಎಡಗೈ ಎಳೆದು, ಅಂಗೈ ಮೇಲೆ ಇವತ್ತಿನ ತಾರೀಖು ಬರೆದು ಕೆಳಗೆ ರುಜು ಹಾಕಿದಳು.

"ಏನೇ ಇದು?"

"ಮುಚ್ಚಳ ತೆರೆದವರು ಬರೀಬೇಕು. ಕಾನೂನು."

ಅವನು ಅಂಗೈಯನ್ನೇ ನೋಡಿದ. ಗುಡುಗಿಗೆ ಅಷ್ಟು ಸಣ್ಣ ದನಿ ಎಲ್ಲಿತ್ತೋ!

"ಮೂರು ತಿಂಗಳಾದ ಮೇಲೆ ಚೆಲ್ಲಿಬಿಡ್ತೀಯಾ?"

"ಇಲ್ಲ ಕಣೋ," ಅವಳು ಆ ಕೈಯನ್ನು ತನ್ನ ಒಡೆದ ಹಣೆಗೆ ಒತ್ತಿಕೊಂಡಳು. "ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ, ಹೊಸ ತಾರೀಖು ಬರೀತೀನಿ."