ಮೇಡಂಗೆ ಮದುವೆ ಕುರ್ಚಿ

ಕುರ್ಚಿ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ಒಳಗಿನಿಂದ ಮಾದೇವಿ ಅಜ್ಜಿ ಎಳೆಯುತ್ತಿದ್ದಳು, ಹೊರಗಿನಿಂದ ಪಕ್ಕದ ಮನೆಯ ಗೌಸಸಾಬ ನೂಕುತ್ತಿದ್ದ.

ಅದೇನು ಸಾಮಾನ್ಯ ಕುರ್ಚಿಯಲ್ಲ. ಕೆಂಪು ಮಖಮಲ್ಲಿನ ಮೆತ್ತೆ, ಎರಡೂ ಕೈಗಳಿಗೆ ಬಂಗಾರ ಬಣ್ಣದ ಸಿಂಹ. ಗೌಸಸಾಬನದು ಶಾಮಿಯಾನದ ಧಂದೆ. ತಮ್ಮೂರು ದುಂಡಸಿಯ ಸುತ್ತ ಯಾರದೇ ಮದುವೆಯಾಗಲಿ, ಮದುಮಕ್ಕಳು ಕೂರುವುದು ಇಂಥ ಕುರ್ಚಿಯ ಮೇಲೆಯೇ.

"ಅಜ್ಜಿ, ಇದನ್ನ ಯಾಕ ತಂದಿ?" ಜಯಾಳಿಗೆ ಅಳುವೇ ಬಂತು.

"ಮತ್ತ ನಿಮ್ಮ ಮೇಡಂ ನೆಲದ ಮ್ಯಾಲ ಕುಂದ್ರಬೇಕೇನು?"

ಜಯಾ ಬೆಳಗಿನಿಂದ ಪಟ್ಟ ಪಾಡೆಲ್ಲ ನೀರುಪಾಲಾಯಿತು. ಅವಳು ಓದುತ್ತಿದ್ದದ್ದು ಶಿಗ್ಗಾವಿಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ, ಐದನೇ ಕ್ಲಾಸು. ಈ ಸಲ ಫೀ ಏರಿತ್ತು. ತಡಸದ ದಾಬಾದಲ್ಲಿ ಅಡುಗೆ ಮಾಡುವ ಅಪ್ಪನ ಪಗಾರ ಅದಕ್ಕೆ ಸಾಲುತ್ತಿರಲಿಲ್ಲ. ಕಡಿಮೆ ಆದಾಯದ ಮನೆಯವರಿಗೆ ಶಾಲೆ ಅರ್ಧ ಫೀ ಬಿಡುತ್ತದೆ. ಅದಕ್ಕೆ ಕನ್ಸೆಶನ್ ಅನ್ನುತ್ತಾರೆ. ಮೊದಲು ಆದಾಯದ ಸರ್ಟಿಫಿಕೇಟ್ ನೋಡುತ್ತಾರೆ, ಆಮೇಲೆ ಒಬ್ಬ ಟೀಚರ್ ಬಂದು ಮನೆಯನ್ನೂ ನೋಡುತ್ತಾರೆ. ಇವತ್ತು ಜಯಾಳ ಕ್ಲಾಸಿನ ವಿದ್ಯಾ ಮೇಡಂ ಬರುವವರಿದ್ದರು. ಕನ್ಸೆಶನ್ ಸಿಗದಿದ್ದರೆ ಜೂನ್‌ನಿಂದ ಜಯಾ ಆ ಶಾಲೆ ಬಿಡಬೇಕು, ಗೆಳತಿ ನೇತ್ರಾಳನ್ನೂ ಬಿಡಬೇಕು.

ಅದಕ್ಕೇ ಅವಳು ಹುಡುಕಿ ಹುಡುಕಿ ಹರಿದ ಫ್ರಾಕ್ ಹಾಕಿಕೊಂಡಿದ್ದಳು. ಟಿವಿಯ ಮೇಲೆ ಮನೆಯ ಕೌದಿಗಳನ್ನೆಲ್ಲ ಹೇರಿದ್ದಳು. ಈಗ ನೋಡಿದರೆ ಸಿಂಹಗಳೇ ಒಳಗೆ ಬಂದು ಕುಳಿತಿದ್ದವು. ಸಾಲದ್ದಕ್ಕೆ ಎದುರು ಮನೆಯ ಮಲ್ಲಿಕಾಳಿಂದ ಹೂವಿನ ಚಿತ್ರದ ಕಪ್ಪುಬಸಿಗಳೂ ಬಂದವು.

ಅಷ್ಟರಲ್ಲಿ ಸ್ಕೂಟಿಯ ಸದ್ದಾಯಿತು. ವಿದ್ಯಾ ಮೇಡಂ ಬಂದೇಬಿಟ್ಟರು.

"ಬರ್ರಿ ಬರ್ರಿ, ಕುಂದರ್ರಿ," ಎಂದಳು ಅಜ್ಜಿ.

ಮೇಡಂ ಕುರ್ಚಿಯನ್ನು ನೋಡಿದರು, ಜಯಾಳ ಫ್ರಾಕನ್ನು ನೋಡಿದರು, ಆಮೇಲೆ ಕೂತರು. ಅವರ ಕಾಲು ನೆಲಕ್ಕೆ ಎಟುಕಲಿಲ್ಲ.

"ಮನಿಯಾಗ ಟಿವಿ ಐತೇನ್ರಿ?"

"ಇಲ್ರಿ," ಎಂದಳು ಜಯಾ.

"ಐತ್ರಿ, ದೊಡ್ಡದ ಐತಿ," ಎಂದಳು ಅಜ್ಜಿ. ಕೌದಿಗಳನ್ನು ಒಂದೊಂದಾಗಿ ಎತ್ತಿ ಒಗೆದಳು. "ಇದಕ್ಯಾಕ ಕೌದಿ ಹೊಚ್ಚೀದಿ, ಜ್ವರ ಬಂದೈತೇನು?"

ಮೇಡಂ ಮೊಬೈಲ್‌ನಲ್ಲಿ ಬರೆದುಕೊಂಡರು. "ಮತ್ತ ಮನಿಯಾಗ ಏನರ ತ್ರಾಸ ಐತೇನ್ರಿ?"

"ನಮಗೇನೂ ಕಡಿಮಿ ಇಲ್ರಿ. ದೇವರು ಚೆಂದ ಇಟ್ಟಾನ." ಅಜ್ಜಿ ಕಪ್ಪುಬಸಿಯನ್ನು ಮುಂದೆ ಹಿಡಿದಳು.

ಮುಗಿಯಿತು ಎಂದುಕೊಂಡಳು ಜಯಾ. ತಡೆಯಲಾಗಲಿಲ್ಲ. "ಮೇಡಂ, ಈ ಕುರ್ಚಿ ನಮ್ಮದಲ್ರಿ. ಕಪ್ಪುಬಸಿ ಮಲ್ಲಿಕಕ್ಕಂದು. ನಮ್ಮ ಕಡೆ ಸ್ಟೀಲ್ ಲೋಟ ಅಷ್ಟ ಅದಾವು. ಅಜ್ಜಿ ಎಲ್ಲಾ ಸುಳ್ಳ ಹೇಳಾಕತ್ತಾಳ."

ಅಜ್ಜಿಯ ಕೈ ಅಲ್ಲೇ ನಿಂತಿತು. ಸೆರಗೆಳೆದುಕೊಂಡು ನೆಲ ನೋಡಿದಳು. ನಿಜ ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದ ಜಯಾ ಅಜ್ಜಿಯ ಕೈಯಿಂದ ಕಪ್ಪುಬಸಿ ಇಸಿದುಕೊಂಡು ಕೆಳಗಿಟ್ಟಳು.

"ಬಡವರ ಮನಿ ಅಂತ ಗೊತ್ತಾದ್ರ ನಮ್ಮ ಹುಡುಗಿನ್ನ ಹಿಂದಿನ ಬೆಂಚಿಗೆ ಹಾಕ್ತೀರಿ ಅಂತ ಹೆದರಿಕಿ ಆತ್ರಿ," ಎಂದಳು ಅಜ್ಜಿ ಮೆಲ್ಲಗೆ.

"ಆಕಿ ಈಗೂ ಹಿಂದಿನ ಬೆಂಚಿನ್ಯಾಗ ಕುಂದ್ರತಾಳ್ರಿ. ಎತ್ತರ ಅದಾಳಲ್ಲ," ಎಂದರು ಮೇಡಂ. "ಯಾರಿಗೆ ಕನ್ಸೆಶನ್ ಐತಿ ಅಂತ ಕ್ಲಾಸಿನ್ಯಾಗ ಯಾರಿಗೂ ಹೇಳೂದಿಲ್ಲ. ಮತ್ತ ಈ ಕುರ್ಚಿ ನನಗ ಗುರ್ತ ಐತಿ. ನನ್ನ ಮದುವ್ಯಾಗ ಇದರ ಮ್ಯಾಲನ ಕುಂತಿದ್ದೆ. ಆವಾಗೂ ಇದ ಮೊಳಿ ಬೆನ್ನಿಗೆ ಚುಚ್ಚಿತ್ತು."

ಅಜ್ಜಿ ಸೆರಗಿನೊಳಗೇ ನಕ್ಕಳು. ಮೇಡಂ ಇಳಿದು ಅವಳ ಪಕ್ಕದ ಚಾಪೆಯ ಮೇಲೆ ಕೂತು, "ಚಾ ಲೋಟದಾಗ ಕೊಡ್ರಿ," ಎಂದರು.

"ಮೇಡಂ, ಟಿವಿ..." ಜಯಾ ತಡವರಿಸಿದಳು.

"ಟಿವಿ ಇದ್ದವರಿಗೂ ಕೊಡ್ತೇವಿ. ಬಂಕಾಪುರದಾಗ ಒಬ್ಬರು ನನ್ನ ಹರಕ ಗೋಣಿಚೀಲದ ಮ್ಯಾಲ ಕುಂದ್ರಿಸಿದ್ರು. ಅವರ ಕಾರು ಬಣವಿ ಹಿಂದ ನಿಂತಿತ್ತು. ಅವರಿಗೆ ಕೊಡಲಿಲ್ಲ."

ಜಯಾ ಫ್ರಾಕಿನ ಹರಿದ ಜಾಗವನ್ನು ಮೆಲ್ಲಗೆ ಕೈಯಿಂದ ಮುಚ್ಚಿಕೊಂಡಳು.

ಮೇಡಂ ಎರಡನೇ ಲೋಟವನ್ನೂ ಮುಗಿಸಿ ಎದ್ದರು. "ಶನಿವಾರ ಕಮಿಟಿ ಕೂಡ್ತೈತಿ. ಕೊಡಬೇಕು ಅಂತ ಬರೀತೇನಿ. ಅರ್ಧಾ ಫೀ ಬಿಡ್ತಾರ, ಚಿಂತಿ ಮಾಡಬ್ಯಾಡ್ರಿ."

ಸ್ಕೂಟಿ ತಿರುವು ದಾಟುತ್ತಲೇ ಕುರ್ಚಿ ಒಯ್ಯಲು ಗೌಸಸಾಬ ಬಂದ. "ಮೇಡಂ ಯಾಕ ಬಂದಿದ್ರು?" ಎಂದು ಓಣಿಗೆಲ್ಲ ಕೇಳುವಂತೆ ಕೇಳಿದ. ಎದುರು ಬಾಗಿಲಲ್ಲಿ ಮಲ್ಲಿಕಾಳೂ ಇಣುಕಿದಳು.

ಅಜ್ಜಿ ಜಯಾಳ ಮುಖ ನೋಡಿದಳು.

"ಅಜ್ಜಿ ಕೈಯಾಗಿನ ಚಾ ಕುಡಿಯಾಕ ಬಂದಿದ್ರು ಮಾಮಾ," ಎಂದಳು ಜಯಾ.

ಅಜ್ಜಿ ಸೆರಗು ಸರಿಮಾಡಿಕೊಂಡಳು. ಮಲ್ಲಿಕಾಳಿಗೂ ಕೇಳಲಿ ಎಂದು ದನಿ ಏರಿಸಿ, "ಎರಡ ಲೋಟ ಕುಡದ್ರು," ಎಂದಳು.