ಡಿಸ್‌ಪ್ಯಾಚ್ ರೂಮಿನಿಂದ ಹೋದ ಮೇಲ್

“ನಾ ಕಳಿಸೇ ಇಲ್ರೀ! ನಮ್ಮ ಹೆಸರ್ಲೆ ಯಾರೋ ಕಳಿಸ್ಯಾರ. ಮೇಲ್ ನಡಸೋರು ನೀವು, ನೀವ ಹೇಳ್ರಿ, ಹೆಂಗ ಹೋತದು?”

ಫೋನಿನಲ್ಲಿ ಸಿಡಿದ ಈ ದನಿಯೇ ಅಂಜನ್‌ಗೆ ಸುಮಂಗಲಾಳ ಮೊದಲ ಪರಿಚಯ. ಬೇರೆಯವರ ವೆಬ್‌ಸೈಟ್, ಮೇಲ್ ನಡೆಸಿಕೊಡುವ ಮಹದೇವಪುರದ ಒಂದು ಹೋಸ್ಟಿಂಗ್ ಕಂಪನಿಯಲ್ಲಿ ಅವನು ಗ್ರಾಹಕರ ಮೇಲ್ ವ್ಯವಸ್ಥೆ ನೋಡಿಕೊಳ್ಳುವವನು. ಅವಳು ಬಾಗಲಕೋಟೆ ಕಡೆಯವಳು. ಪೀಣ್ಯದಲ್ಲಿ ದಾಸಪ್ಪನವರ ವಾಲ್ವ್ ತಯಾರಿಸುವ ಯೂನಿಟ್‌ನ ಆಫೀಸು ಅವಳ ಕೈಯಲ್ಲಿತ್ತು. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ಯೂನಿಟ್‌ನ ವಿಳಾಸದಲ್ಲೇ ಗಿರಾಕಿಗಳಿಗೆ ಸುಳ್ಳು ಮೇಲ್ ಹೋಗಿತ್ತು. ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದರು.

“ನೀವು ಕಳಿಸಿಲ್ಲ ಮೇಡಂ, ನಂಗೊತ್ತು. ಲಕೋಟೆ ಹಿಂದೆ ನಿಮ್ಮನೆ ಅಡ್ರೆಸ್ ಬರೆದು ಯಾರು ಬೇಕಾದ್ರೂ ಪೋಸ್ಟ್ ಡಬ್ಬಕ್ಕೆ ಹಾಕ್ಬಹುದಲ್ವಾ? ಮೇಲೂ ಅಷ್ಟೇ. ನಾನೇ ಬಂದು ನಿಮ್ ಸಾರ್‌ಗೆ ಹೇಳ್ತೀನಿ.”

ಫೋನಿನಲ್ಲೇ ಮುಗಿಯುವ ಕೆಲಸಕ್ಕೆ ಊರಿನ ಆ ತುದಿಗೆ ಯಾಕೆ ಹೋದೆ ಎಂದು ಅವನನ್ನು ಕೇಳಬೇಡಿ. ‘ನಂಗೊತ್ತು’ ಎಂದಾಗ ಅವಳು ಬಿಟ್ಟ ನಿಟ್ಟುಸಿರು ಅವನ ಕಿವಿಯಲ್ಲೇ ಉಳಿದುಬಿಟ್ಟಿತ್ತು.

ಆ ಮೇಲ್ ಹೊರಟದ್ದು ಇನ್ಯಾವುದೋ ಸರ್ವರ್‌ನಿಂದ ಎಂದು ದಾಸಪ್ಪನವರಿಗೆ ತೋರಿಸಿದ. ಆಮೇಲೆ ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತ.

“ನಿಮ್ ಮೇಲ್ ಯಾವ ಸರ್ವರ್‌ನಿಂದ ಹೊರಡಬಹುದು ಅಂತ ಒಂದು ಪಟ್ಟಿ ಬರೆದಿಡ್ತೀನಿ. ಪ್ರತಿ ಮೇಲ್‌ಗೂ ಒಂದು ಮುದ್ರೆ ಬೀಳುತ್ತೆ. ಅವೆರಡೂ ಇಲ್ದೆ ನಿಮ್ ಹೆಸರು ಹೇಳ್ಕೊಂಡು ಬಂದಿದ್ದು ಸೀದಾ ಸ್ಪ್ಯಾಮ್‌ಗೆ. ಇಲ್ಲಿ ಬೇರೆ ಎಲ್ಲಿಂದಾದ್ರೂ ಮೇಲ್ ಹೋಗುತ್ತಾ?”

ಅವಳ ಗಮನ ಅವನ ಅಂಗಿಯ ತೋಳಿನ ಮೇಲಿತ್ತು. ಅಲ್ಲೊಂದು ಗುಂಡಿ ದಾರದಲ್ಲಿ ಜೋತಾಡುತ್ತಿತ್ತು.

“ಇದೊಂದ ಕಂಪ್ಯೂಟರ್‌ರೀ,” ಎಂದಳು. “ಸರ್, ನಿಮ್ಮ ಗುಂಡಿ ಬೀಳಾಕತ್ತೈತಿ.”

ಅಂಜನ್ ಕೆಂಪಾದ. ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳುವುದು ಅವನ ಕೆಲಸವಾಗಿತ್ತು. ಅವಳು ನಗುತ್ತಿದ್ದಳು, ಅವನು ಕೇಳಲಿಲ್ಲ.

ಸುಳ್ಳು ಮೇಲ್ ನಿಂತವು, ಫೋನುಗಳು ನಿಲ್ಲಲಿಲ್ಲ. ಇಂದು ಪ್ರಿಂಟರ್ ನೆಪ, ನಾಳೆ ಪಾಸ್‌ವರ್ಡ್ ನೆಪ. ಪ್ರಿಂಟರ್‌ಗೂ ಹೋಸ್ಟಿಂಗ್ ಕಂಪನಿಗೂ ಏನು ಸಂಬಂಧ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಲಗ್ಗೆರೆಯ ರೂಮಿನಲ್ಲಿ ರೊಟ್ಟಿ ಬಡಿಯುತ್ತಾ ಅವಳು ಅವನ ‘ಹೇಳಿ ಮೇಡಂ’ ನೆನೆದು ಒಬ್ಬಳೇ ನಗುತ್ತಿದ್ದಳು.

ಆಮೇಲೊಂದು ಸೋಮವಾರದಿಂದ ಫೋನೇ ಇಲ್ಲ. ಅವನಾಗಿಯೇ ಮಾಡಿದರೆ, “ಎಲ್ಲಾ ಸರಿ ಐತ್ರಿ” ಎಂದು ಇಟ್ಟುಬಿಟ್ಟಳು. ತಾನೇನು ತಪ್ಪು ಮಾಡಿದೆನೋ ಎಂದು ವಾರವೆಲ್ಲ ಅವನಿಗೆ ಊಟ ರುಚಿಸಲಿಲ್ಲ.

ಶನಿವಾರ ಮಧ್ಯಾಹ್ನ ಅವಳೇ ಮಾಡಿದಳು. ದನಿ ತಣ್ಣಗಿತ್ತು.

“ಗಿರಾಕಿಗಳಿಗೆ ಡೆಲಿವರಿ ಚಲನ್ ಮುಟ್ಟವಲ್ವಂತ್ರಿ. ಎಲ್ಲಾ ಸ್ಪ್ಯಾಮಿಗೆ ಬೀಳಾಕತ್ತಾವಂತ.”

“ಚಲನ್ ಎಲ್ಲಿಂದ ಕಳಿಸ್ತೀರಿ?”

“ಡಿಸ್‌ಪ್ಯಾಚ್ ರೂಮಿಂದ. ಅಲ್ಲಿ ಬಿಲ್ಲಿನ ಸಾಫ್ಟ್‌ವೇರ್ ತಾನ ಕಳಸ್ತೈತ್ರಿ.”

“ಇದೊಂದೇ ಕಂಪ್ಯೂಟರ್ ಅಂದ್ರಲ್ಲ ಮೇಡಂ! ಅದು ಬೇರೆ ಸರ್ವರ್‌ನಿಂದ ಹೋಗುತ್ತೆ, ನಾನು ಅದನ್ನ ಪಟ್ಟಿಗೆ ಸೇರಿಸೇ ಇಲ್ಲ. ಅಲ್ಲಿಂದ ಇನ್ನೇನಾದ್ರೂ ಕಳಿಸಿದ್ರಾ?”

ಲೇತ್ ಮೆಷಿನ್ನಿನ ಸದ್ದಿನ ನಡುವೆ ಅವಳು ದನಿ ತಗ್ಗಿಸಿದಳು.

“ಒಂದ್ ಕಳಿಸಿದ್ದೆ. ಆಫೀಸಿನ್ಯಾಗ ಸರ್ ಬೆನ್ನಿಗೇ ಕೂತಿರ್ತಾರ, ಅದಕ್ಕ ಅಲ್ಲಿಂದ.”

“ಯಾರಿಗೆ?”

“ನಿಮಗ,” ಎಂದವಳೇ ಫೋನ್ ಇಟ್ಟಳು.

ದಿನವಿಡೀ ‘ಸ್ಪ್ಯಾಮ್ ನೋಡಿದ್ರಾ?’ ಎಂದು ಊರಿಗೆಲ್ಲ ಕೇಳುವವನು ತನ್ನದನ್ನು ತೆರೆದದ್ದು ಆಗಲೇ. ಲಾಟರಿ, ಸಾಲದ ಜಾಹೀರಾತುಗಳ ನಡುವೆ ‘ನಿಮ್ಮ ಡೆಲಿವರಿ ಚಲನ್’ ಎಂಬ ಶೀರ್ಷಿಕೆ ಹೊತ್ತು ಅದು ಸೋಮವಾರದಿಂದ ಕಾದಿತ್ತು. ಷರಾ ಬರೆಯುವ ಜಾಗದಲ್ಲಿ ಅವಳ ಮಾತು:

‘ಸರ್, ನನ್ನನ್ನ ಧಾರವಾಡದ ಹೊಸ ಯೂನಿಟ್ಟಿಗೆ ಹೋಗು ಅನ್ನಾಕತ್ತಾರ. ಶನಿವಾರ ಸಂಜಿಗೆ ಹೇಳಬೇಕು. ನನಗ ಇಲ್ಲೇ ಇರೂ ಆಸೆ. ಬ್ಯಾಡ ಅನ್ನೋರು ಒಬ್ಬರರ ಇದ್ರ ಹೋಗಂಗಿಲ್ಲ. ನೀವು ಬ್ಯಾಡ ಅಂತೀರೇನು?’

ಅವಳ ಹೆಸರು ಹೇಳಿಕೊಂಡು ಸುಳ್ಳು ಬರಬಾರದೆಂದು ತಾನೇ ಕಟ್ಟಿದ ಬೇಲಿ ಅವಳನ್ನೇ ಹೊರಗೆ ನಿಲ್ಲಿಸಿತ್ತು. ಅವನಿಗೆ ಅಳು ಬಂತು, ನಗುವೂ ಬಂತು. ಡಿಸ್‌ಪ್ಯಾಚ್ ರೂಮಿನ ಸಾಫ್ಟ್‌ವೇರ್ ಬಳಸುವ ಸರ್ವರನ್ನೂ ಪಟ್ಟಿಗೆ ಸೇರಿಸಿ, ಬ್ಯಾಗೂ ಎತ್ತಿಕೊಳ್ಳದೆ ಓಡಿದ.

ಮೆಟ್ರೋದಲ್ಲಿ ಅವಳಿಗೆ ಫೋನ್ ಮಾಡುತ್ತಲೇ ಇದ್ದ. ಎತ್ತಲಿಲ್ಲ. ಮೆಜೆಸ್ಟಿಕ್‌ನಲ್ಲಿ ಬದಲಿಸಿ ಪೀಣ್ಯದಲ್ಲಿ ಇಳಿದಾಗ ಶಿಫ್ಟ್ ಬಿಟ್ಟ ಜನ ಎದುರಿಗೆ ಬರುತ್ತಿದ್ದರು.

ಅವಳು ಯೂನಿಟ್‌ನ ಗೇಟಿನಲ್ಲೇ ನಿಂತಿದ್ದಳು. ಅವನನ್ನು ಕಂಡು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ಹೇಳ್ಬಿಟ್ರಾ ಸಾರ್‌ಗೆ?”

“ಇನ್ನೂ ಇಲ್ಲ. ಒಳಗ ಕಾಯಾಕತ್ತಾರ.” ನೆಲ ನೋಡುತ್ತಲೇ ಕೇಳಿದಳು, “ಇಷ್ಟ್ ದೂರ ಯಾಕ್ ಬಂದ್ರಿ? ಮೇಲ್ ಹಾಕಿದ್ರ ಆಗ್ತಿದ್ದಿಲ್ಲೇನು?”

“ಯಾರ ಹೆಸರಲ್ಲಿ ಯಾರು ಬೇಕಾದ್ರೂ ಬರೀಬಹುದು ಅಂತ ನಾನೇ ಹೇಳಿದ್ನಲ್ಲ. ಇದನ್ನ ಹೇಳ್ತಿರೋದು ನಾನೇ ಅಂತ ನಿಮಗೆ ಅನುಮಾನ ಇರಬಾರದು.” ಏದುಸಿರು ತಡೆದುಕೊಂಡ. “ಹೋಗೋದು ಬೇಡ ಸುಮಂಗಲಾ. ನೀವು ಇಲ್ಲೇ ಇರಬೇಕು ಅಂತ ನಂಗೆ ತುಂಬಾ ಆಸೆ.”

ಅವಳು ಈಗ ತಲೆ ಎತ್ತಿದಳು. ಕಣ್ಣು ಅವನ ಮುಖದಿಂದ ತೋಳಿಗೆ ಇಳಿದು, ಅಲ್ಲೇ ನಿಂತು, ನಗುತ್ತಾ ಮತ್ತೆ ಮೇಲೇರಿತು.

“ಆ ಗುಂಡಿ ಇನ್ನೂ ಹೊಲಿಸಿಲ್ಲೇನ್ರೀ? ಇಲ್ಲೇ ನಿಂದರ್‌ರಿ, ಸೂಜಿ ದಾರ ತರ್ತೀನಿ.”

ಒಳಗೆ ಮೆಷಿನ್ನುಗಳು ನಿಂತಿದ್ದವು. ಅವಳ ಮಾತು ಗೇಟಿನವರೆಗೂ ಕೇಳಿಸಿತು.

“ಸರ್, ನಾ ಧಾರವಾಡಕ್ಕ ಹೋಗಂಗಿಲ್ರೀ.”

“ಯಾಕಮ್ಮ?”

“ಬ್ಯಾಡ ಅನ್ನೋರು ಬಂದಾರ್ರಿ.”