ಮೂರ್ತಿಗೆ ಮೀಸೆ ಇರಲಿಲ್ಲ

ಭಾಲ್ಕಿಯ ಚೌಕದಲ್ಲಿ ಮೂರ್ತಿಯ ಮೇಲಿನ ಬಟ್ಟೆ ಸರಿದಾಗ, ಹುತಾತ್ಮನ ಹೆಂಡತಿ ಮಹಾಮಾಯಾ ಹಾರವನ್ನು ಕೆಳಗಿಟ್ಟಳು.

"ಇವರು ನಮ್ಮ ಮನಿಯವರಲ್ಲರಿ. ಮೀಸಿ ಎಲ್ಲಿ ಹೋದ್ವು?"

ಸಭೆಯಲ್ಲಿ ಕೂತಿದ್ದ ವಿಶ್ವಾಸನಿಗೆ ಮೊದಲೇ ಮೈ ಉರಿಯುತ್ತಿತ್ತು. ಮಹಾಮಾಯಾಳ ಗಂಡ, ಎಎಸ್‌ಐ ಅಶ್ವಜಿತ, ಔರಾದದ ಚೆಕ್‌ಪೋಸ್ಟಿನಲ್ಲಿ ಕಳ್ಳ ಮರಳಿನ ಲಾರಿಗೆ ಅಡ್ಡ ನಿಂತು ಸತ್ತು ವರ್ಷವಾಗಿತ್ತು. ಲಾರಿ ಇನ್ನೂ ಸಿಕ್ಕಿರಲಿಲ್ಲ. ಬದುಕಿದ್ದಾಗ ಒಂದು ಕಪ್ ಚಹಾ ಕೇಳದವರೆಲ್ಲ ಈಗ ಅವನ ಜೀವದ ಗೆಳೆಯರೆಂದು ಶಾಲು ಹೊದ್ದು ವೇದಿಕೆ ಏರಿದ್ದರು. ಮೂರ್ತಿ ಮಾಡಿಸಿದ ನೌಬಾದದ ಗುತ್ತಿಗೆದಾರ ಸಂಜುಕುಮಾರನಂತೂ ಮೈಕಿನ ಮುಂದೆ ಕಣ್ಣೊರೆಸಿಕೊಂಡಿದ್ದ.

ಶಿಲ್ಪಿ ಅಮಿತಕುಮಾರ ತಪ್ಪು ತನ್ನದಲ್ಲವೆಂದ. ಫೋಟೋ ನೋಡಿ ತಾನು ಮೀಸೆ ಇಟ್ಟಿದ್ದೆ, ಸಂಜುಕುಮಾರ ತೆಗೆಸಿದರು ಎಂದ.

"ನನ್ನ ದೋಸ್ತನ ಮಾರಿ ನನಗ ಗೊತ್ತಿಲ್ಲೇನ್ರಿ? ಕಣ್ಣಾಗ ಕುಂತದ. ಮೀಸಿ ಇರಲೇ ಇಲ್ಲ," ಎಂದು ಸಂಜುಕುಮಾರ ಗದರಿದ.

ವಿಶ್ವಾಸನ ಪಕ್ಕದಲ್ಲಿದ್ದ ಸುಭದ್ರಾಬಾಯಿ ಎದ್ದರು. ಮೈಲೂರಿನ ಈ ನಿವೃತ್ತ ಇನ್‌ಸ್ಪೆಕ್ಟರಮ್ಮ ಎಲ್ಲಿಗೆ ಹೋದರೂ ಸ್ಕೂಟರ್ ಓಡಿಸುವವನು ನೆರೆಮನೆಯ ವಿಶ್ವಾಸನೇ. ಅಶ್ವಜಿತನನ್ನು ಕಡೆಗೆ ಕಂಡದ್ದು ಯಾವಾಗ ಎಂದು ಅವರು ಸಂಜುಕುಮಾರನನ್ನು ಕೇಳಿದರು. ಸಾಯುವುದಕ್ಕೆ ಎಷ್ಟೋ ತಿಂಗಳ ಮೊದಲು, ಅವನು ಸತ್ತ ದಿನ ತಾನು ಹೈದರಾಬಾದಿನಲ್ಲಿದ್ದೆ ಎಂದ.

ಸಾಯುವ ಮೊದಲಿನ ದಿನಗಳಲ್ಲಿ ಅವನು ಎಲ್ಲಿದ್ದ ಎಂದು ಆಮೇಲೆ ಮಹಾಮಾಯಾಳನ್ನು ಕೇಳಿದರು.

"ಶ್ರಾಮಣೇರ ಶಿಬಿರಕ್ಕ ಹೋಗಿದ್ರು, ಬಾಯೋರೆ. ಅಲ್ಲಿಂದ ನೆಟ್ಟಗ ಡ್ಯೂಟಿಗಿ ಹೋದ್ರು. ಮನಿಗಿ ಬರಲೇ ಇಲ್ಲ."

ಲಾರಿ ಹಾಯ್ದ ಮುಖವನ್ನು ಆಮೇಲೂ ಯಾರಿಗೂ ತೋರಿಸಿರಲಿಲ್ಲ.

ಸುಭದ್ರಾಬಾಯಿ ಜನರತ್ತ ತಿರುಗಿದರು. ಶಿಬಿರದಲ್ಲಿ ಗೃಹಸ್ಥರು ಕೆಲವು ದಿನ ಬೌದ್ಧ ಭಿಕ್ಷುಗಳಂತೆ ಚೀವರ ಉಡುತ್ತಾರೆ, ಅದಕ್ಕೆ ಮೊದಲು ತಲೆ, ಮೀಸೆ ಎಲ್ಲ ಬೋಳಿಸುತ್ತಾರೆ ಎಂದು ವಿವರಿಸಿದರು. ಚೆಕ್‌ಪೋಸ್ಟಿನ ಜೊತೆಗಾರ ಮುನೀರೋದ್ದೀನ ತಲೆಯಾಡಿಸಿದ. ಟೋಪಿ ಕೆಳಗೆ ಆ ಬೋಳು ಮುಖ ಕಂಡು ತನಗೇ ಗುರುತು ಸಿಕ್ಕಿರಲಿಲ್ಲ, ಲಾರಿ ಬಂದಾಗ ತಾನು ಒಳಗಿದ್ದೆ ಎಂದ.

"ಆ ಬೋಳು ಮಾರಿ ಶಿಬಿರದವರು ಕಂಡಾರ, ಮುನೀರೋದ್ದೀನ ಕಂಡಾನ. ಇನ್ನ ಕಂಡವ ಲಾರಿಯಾಗಿದ್ದವ ಒಬ್ಬನೇ. ಗೆಳೆಯ ಆಗಿದ್ರ ನಿನಗ ಮೀಸಿ ನೆನಪಿರ್ತಿತ್ತು. ಜನ್ಮದಾಗ ಅವನ್ನ ನೀ ನೋಡಿದ್ದೇ ಒಮ್ಮೆ, ಸಂಜುಕುಮಾರ. ಫೋಟೋ ನೋಡೂ ತ್ರಾಸೂ ತಗೊಳ್ಳಲಿಲ್ಲ," ಎಂದರು ಸುಭದ್ರಾಬಾಯಿ.

ಯಾರೋ ಹೇಳಿದ್ದರು ಎಂದು ಅವನು ತೊದಲಿದ. ಯಾರು ಎಂದು ಕೇಳಿದರೆ ಮೈಕ್ ಬಿಟ್ಟು ಹಿಂದೆ ಸರಿದ. ಪೊಲೀಸರು ನೌಬಾದದ ಅವನ ಗೋದಾಮು ತೆಗೆಸಿದಾಗ ತಾಡಪತ್ರಿಯ ಕೆಳಗೆ ಮೂತಿ ಜಜ್ಜಿದ ಲಾರಿ ನಿಂತಿತ್ತು. ಗುಜರಿಗೆ ಹಾಕಲೂ ಮನಸ್ಸು ಬಾರದ ಜಿಪುಣ! ಓಡಿಸಿದವನು ತಾನೇ ಎಂದು ಸಂಜೆಯೊಳಗೆ ಒಪ್ಪಿಕೊಂಡ. ಅಷ್ಟರಲ್ಲಿ ಉಳಿದ ಜೀವದ ಗೆಳೆಯರು ಶಾಲು ಸಮೇತ ಕಾಲ್ಕಿತ್ತಿದ್ದರು.

ಮೀಸೆ ಕೂಡಿಸಿಕೊಡುವೆನೆಂದು ಶಿಲ್ಪಿ ಹೇಳಿದ. ಮಹಾಮಾಯಾ ಮೂರ್ತಿಯ ಕೆನ್ನೆ ಮುಟ್ಟಿ ನೋಡಿದಳು.

"ಬ್ಯಾಡರಿ. ಕಡೀ ದಿನ ಹ್ಯಾಂಗಿದ್ರು ಅಂತ ನಾ ನೋಡೇ ಇರಲಿಲ್ಲ," ಎಂದು ಹಾರ ಎತ್ತಿಕೊಂಡಳು.